ಹಳೆಯ ಶಾಲೆಯ ಬೆಳಕಿಂಡಿಗಳು

ಆ ದಿನ ಮಳೆ ಇತ್ತು ಎಂದು ಬರೆಯುತ್ತೇನೆ. ಇರಲಿಲ್ಲ, ಬರೇ ಮೋಡ ಇತ್ತು ಎನ್ನುತ್ತಾಳೆ ಅಕ್ಕ. ಎಂಬತ್ತರ ದಶಕದ ಯಾವುದೋ ಶ್ರಾವಣ. ವರ್ಷ ಇಬ್ಬರಿಗೂ ನೆನಪಿಲ್ಲ.

ಸಂಶಿಯ ಆಚೆಗಿನ ನಮ್ಮೂರಲ್ಲಿ ಮಕ್ಕಳೆಲ್ಲ ರಸ್ತೆ ಬದಿಯ ಹೊಸ ಶಾಲೆಗೆ ಹೋದ ಮೇಲೆ ಹಳೆಯ ಶಾಲೆ ಖಾಲಿ ಬಿದ್ದಿತ್ತು. ಕಲ್ಲು ಮಣ್ಣಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಒಂದೇ ಬಾಗಿಲು. ಊರಿಗೆ ಕರೆಂಟು ಬಂದಿತ್ತು, ಆ ಕಟ್ಟಡಕ್ಕೆ ಬಂದಿರಲಿಲ್ಲ. ಅಲ್ಲಿ ಹೆಣ್ಣುಮಕ್ಕಳ ಹೊಲಿಗೆ ತರಗತಿ ಮಾಡುವುದೆಂದು ಪಂಚಾಯ್ತಿಯಲ್ಲಿ ಠರಾವಾಯಿತು. ಇಲಾಖೆಯವರು ಹೊಲಿಗೆ ಯಂತ್ರ ಕೊಟ್ಟರು. ಸಾಹೇಬರು ಬಂದು ಕೋಣೆ ನೋಡಿ ಒಪ್ಪಿದರೆ ತರಗತಿ ಕಾಯಂ, ಕಲಿಸುವವಳೂ ಕಾಯಂ.

ಕಲಿಸುವವಳು ನನ್ನ ಅಕ್ಕ. ಮಿಶ್ರಿಕೋಟಿಯ ಗಂಡನ ಮನೆಯಿಂದ ಬಂದು ಕೂತಿದ್ದಳು. ಅವಳ ಎಡಗಿವಿ ಕೇಳುತ್ತಿರಲಿಲ್ಲ. ಮದುವೆಗೆ ಮುಂಚೆ ಕೇಳುತ್ತಿತ್ತು. ಅಪ್ಪ ಹೇಳಿದ್ದು ಇಷ್ಟೇ: "ನೌಕರಿ ಆದ್ರ ಇಲ್ಲೇ ಇರು. ಇಲ್ಲಾಂದ್ರ ನಿನ್ನ ಮನಿಗೆ ನೀ ಹೋಗು."

ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸುವಷ್ಟೂ ಬೆಳಕಿರಲಿಲ್ಲ. ಅಕ್ಕ ಕಿಟಕಿ ಕೇಳಿದಳು.

"ಕಿಡಕಿ ಇಟ್ರ ಹಾದ್ಯಾಗ ಹೋಗವ್ರೆಲ್ಲ ನಮ್ಮ ಹುಡಿಗ್ಯಾರನ್ನ ನೋಡ್ಕೋತ ನಿಲ್ತಾರವಾ," ಎಂದರು ಪಂಚಾಯ್ತಿಯ ಹಿರಿಯರು.

"ಕತ್ತಲಾಗ ಹೊಲದ್ರ ಜಂಪರಿಗೆ ಮೂರು ತೋಳು ಆಗ್ತಾವ್ರಿ ಕಾಕಾ."

"ನಿಮ್ಮ ಮನ್ಯಾಗ ಕಿಡಕಿ ಐತೇನು? ಬೆಳಕಿಂಡಿ ಕೆಳಗ ನಿಮ್ಮವ್ವ ರೊಟ್ಟಿ ಬಡ್ಯಾಕತ್ತಿಲ್ಲೇನು?"

ಹೀಗೆ ಮಾಳಿಗೆಗೆ ತೂತು ಕೊರೆದು ಬೆಳಕಿಂಡಿ ಮಾಡಿದರು, ಒಂದೊಂದು ಯಂತ್ರದ ನೆತ್ತಿಗೆ ಒಂದೊಂದು. ನಮ್ಮ ಮನೆಗಳಲ್ಲಿ ಬೆಳಕು ಮೇಲಿನಿಂದಲೇ ಬರುತ್ತಿತ್ತು, ಯಾರಿಗೂ ತಪ್ಪೆನಿಸಲಿಲ್ಲ. ಆದರೆ ಬಿಸಿಲಿನ ತುಂಡು ನೆಲದ ಮೇಲೆ ಸರಿಯುತ್ತಿತ್ತು. ಅಕ್ಕನ ಹತ್ತಿರ ನಾನೂ ಕಲಿಯುತ್ತಿದ್ದೆ; ಅದರ ಹಿಂದೆ ನಾವು ಯಂತ್ರ ಎಳೆಯುತ್ತಿದ್ದೆವು. ಸಂಜೆಯ ಹೊತ್ತಿಗೆ ಕಲಿಯುವವರೆಲ್ಲ ಮೂಡಣ ಗೋಡೆಗೆ ಒತ್ತಿಕೊಂಡಿರುತ್ತಿದ್ದೆವು. ನಗುತ್ತಿದ್ದೆವು ಎಂದು ಬರೆಯಬಹುದು. ನಕ್ಕದ್ದು ನೆನಪಿಲ್ಲ.

ಹನಿ ಬೀಳುವ ಲಕ್ಷಣ ಕಂಡರೆ ಬೆಳಕಿಂಡಿಯ ಮೇಲೆ ಗಡಿಗೆ ಬೋರಲು ಹಾಕಬೇಕು. ಇಲ್ಲವಾದರೆ ಮಾಳಿಗೆಯ ಮಣ್ಣು ಕರಗಿ ಯಂತ್ರದ ಮೇಲೆ ಇಳಿಯುತ್ತದೆ. ಸಾಹೇಬರು ಬಂದ ದಿನ, ಮಳೆಯೋ ಮೋಡವೋ, ಗಡಿಗೆಗಳು ಬೋರಲಿದ್ದವು. ಅಷ್ಟು ಮಾತ್ರ ಖಾತ್ರಿ.

ಸಾಹೇಬರು ಹೊಸ್ತಿಲಲ್ಲೇ ನಿಂತರು. "ಒಳಗ ಯಾರದೀರಿ?"

"ನಾವು ಅದೀವ್ರಿ," ಎಂದಳು ಅಕ್ಕ.

"ಕತ್ತಲಾಗ ಏನ್ ಮಾಡಾಕತ್ತೀರಿ?"

"ಹೊಲಿಗಿ ಕಲಸಾಕತ್ತೇನ್ರಿ."

ಹೊರಗೆ ಯಾರೋ ಕಿಸಕ್ಕೆಂದರು. ಹಿರಿಯರು ಮುಂದೆ ಬಂದರು. "ಬಿಸಲ ಬಿದ್ದಾಗ ಬಂದ್ ನೋಡ್ರಿ ಸಾಹೇಬ್ರ, ಅಗದಿ ಬೆಳ್ಳಗಿರತೈತಿ."

"ಬಿಸಲ ಕಾಯ್ಕೋತ ಕ್ಲಾಸ್ ನಡಸಾಕ ಬರೂದಿಲ್ರಿ."

ಒಳಗೆ ಕಾಲಿಡಲಿಲ್ಲ. ಯಂತ್ರಗಳು ಗುಡಗೇರಿಗೆ ಹೋದವು, ಅಲ್ಲಿ ಕಲಿಸಲು ಬೇರೆಯವರಿದ್ದರು. ಹಳೆಯ ಶಾಲೆಯಲ್ಲಿ ಆಮೇಲೆ ಗೊಬ್ಬರದ ಚೀಲ ತುಂಬಿದರು.

ಆದರೆ ಅದೆಲ್ಲ ಆಮೇಲೆ. ಸಾಹೇಬರ ಜೀಪು ಹೋದ ಸಂಜೆ ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದ. ಅಕ್ಕನೇ ಕೇಳಿದಳು.

"ಯಾವ ಬಸ್ಸಿಗೆ ಹೋಗ್ಲಿ?"

"ಮುಂಜಾನೆದ್ದಕ್ಕ."

"ಹೂಂ."

ಆ ರಾತ್ರಿ ಅವಳು ಅತ್ತಳೆಂದು ಅವ್ವ ಹೇಳುತ್ತಿದ್ದಳು. ನಾನು ಕಂಡದ್ದು ಬೇರೆ: ಯಾರೋ ಹುಡುಗಿ ಅರ್ಧ ಹೊಲಿದು ಬಿಟ್ಟುಹೋಗಿದ್ದ ಜಂಪರಿಗೆ ಅಕ್ಕ ಕೈಯಿಂದಲೇ ಹುಕ್ಕು ಹಚ್ಚುತ್ತಿದ್ದಳು. ಎರಡರಲ್ಲಿ ಯಾವುದು ನಿಜವೋ. ಮುಂಜಾನೆ ಹೋದಳು.