ನಾಲ್ಕನೇ ಪುಟ ಮೊದಲು

ಅವತ್ತು ಮಂಗಳವಾರ. ನಾವು ಮೂವರೂ ಅಂಗಡಿಯಲ್ಲಿದ್ದೆವು. ನಾನು ಹಾಳೆ ಮಡಿಸುತ್ತಿದ್ದೆ. ನಾದಿನಿ ಹೊಲಿಯುತ್ತಿದ್ದಳು. ನಮ್ಮವರು ಕಟಿಂಗ್ ಮೆಷಿನ್ನಿನ ಚಕ್ರ ತಿರುಗಿಸಿ ಪುಸ್ತಕಗಳ ಅಂಚು ಕತ್ತರಿಸುತ್ತಿದ್ದರು. ನಮ್ಮದು ಬೈಂಡಿಂಗ್ ಕೆಲಸ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಪರದೆ.

ನಾದಿನಿ ಎಂದರೆ ನಮ್ಮವರ ತಂಗಿ. ಮದುವೆ ಬೇಡ ಎಂದು ನಮ್ಮ ಜೊತೆಯಲ್ಲೇ ಉಳಿದವಳು. ನಮ್ಮವರು ಅವಳನ್ನು ಸೂಜಿ ಎಂದು ಕರೆಯುತ್ತಿದ್ದರು. ಹೊಲಿಗೆ ಚುರುಕು, ಮಾತು ಅದಕ್ಕಿಂತ ಚುರುಕು. ನನಗೂ ಅದೇ ಹೆಸರು ರೂಢಿಯಾಯಿತು.

ಆ ದಿನ ಒಂದು ಆಫೀಸಿನ ಗುಮಾಸ್ತ ಬಂದು, ಇನ್ನು ರಿಜಿಸ್ಟರ್ ಬೇಡ, ಎಲ್ಲ ಕಂಪ್ಯೂಟರಿಗೆ ಹಾಕಿದ್ದೇವೆ ಎಂದು ಹೇಳಿ ಹೋದ. ಆ ವರ್ಷ ಹಾಗೆ ಹೇಳಿದ ಮೂರನೇ ಆಫೀಸು ಅದು. ನಮ್ಮವರು ಚಕ್ರ ತಿರುಗಿಸಿದರು. ಸೂಜಿ ದಾರವನ್ನು ಹಲ್ಲಲ್ಲಿ ಕಡಿದಳು.

“ಅಣ್ಣಾ, ನಾನು ವೆಬ್‌ಸೈಟ್ ಮಾಡೋ ಕ್ಲಾಸಿಗೆ ಸೇರಿದೀನಿ. ದಿನಾ ಬೆಳಿಗ್ಗೆ ಏಳರಿಂದ ಒಂಬತ್ತು.”

“ಮೂವತ್ತೆಂಟಕ್ಕೆ ಕ್ಲಾಸಾ? ಅಲ್ಲಿರೋ ಹುಡುಗರು ಟೀಚರ್ ಬಂದ್ರು ಅಂತ ಎದ್ದು ನಿಲ್ತಾರೆ ಕಣೆ.”

“ನಿಲ್ಲಲಿ ಬಿಡು. ನಂಗೆ ಕೂರೋಕೆ ಜಾಗ ಸಿಗುತ್ತೆ. ರಿಜಿಸ್ಟರೆಲ್ಲ ಕಂಪ್ಯೂಟರ್ ಒಳಗೆ ಹೋದ್ವಲ್ಲ, ನಾನೂ ಅಲ್ಲಿಗೇ ಹೋಗ್ತೀನಿ.”

ನಮ್ಮವರು ನಕ್ಕರು. “ಏ ಇವಳೇ, ಕೇಳಿಸ್ಕೊಂಡ್ಯಾ? ನಿನ್ನ ನಾದಿನಿಗೆ ರೆಕ್ಕೆ ಬಂತು” ಎಂದು ನನಗೆ ಹೇಳಿದರು. ಆಮೇಲೆ ಅವಳು ಹೊಲಿದಿಟ್ಟ ಪುಸ್ತಕ ಎತ್ತಿಕೊಂಡು ಪುಟಗಳ ಅಂಕಿ ನೋಡತೊಡಗಿದರು. ಅದು ಅಂಗಡಿಯ ಪದ್ಧತಿ. ಮಡಿಸುವವಳು ನಾನು, ಹೊಲಿಯುವವಳು ಅವಳು, ಪುಟ ಸರಿಯಾಗಿ ಕೂತಿದೆಯೇ ಎಂದು ನೋಡುವವರು ಅವರು. ಅವರು ನೋಡದೆ ಒಂದು ಪುಸ್ತಕವೂ ಹೊಸ್ತಿಲು ದಾಟುತ್ತಿರಲಿಲ್ಲ.

ಮಧ್ಯಾಹ್ನ ಉಂಡೆವು. ಸಂಜೆ ಕರೆಂಟು ಹೋಯಿತು, ಬಂತು. ಬೇರೆ ಏನೂ ಆಗಲಿಲ್ಲ.

ಬುಧವಾರ ಬೆಳಿಗ್ಗೆ ಮುಖ ತೊಳೆಯಲು ಹೋದ ನಮ್ಮವರು ಬಚ್ಚಲ ಬಾಗಿಲಲ್ಲಿ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ. ನಾನು ಬರೆಯಲು ಕೂತದ್ದು ಸೂಜಿಯ ವಿಷಯ.

ಸುಮಾರು ದಿನ ಅವಳು ಕ್ಲಾಸಿನ ಸುದ್ದಿ ಎತ್ತಲಿಲ್ಲ. ಒಂದು ಬೆಳಿಗ್ಗೆ ತಲೆ ಬಾಚಿಕೊಂಡು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

“ಹೋಗ್ಲಾ ಅತ್ತಿಗೆ?”

“ಚಪ್ಪಲಿ ಹಾಕ್ಕೊಂಡು ಕೇಳ್ತೀಯಲ್ಲ. ಹೋಗು.”

ಅಂದಿನಿಂದ ಬೆಳಿಗ್ಗೆ ಕ್ಲಾಸು, ಹಗಲು ಹೊಲಿಗೆ. ಕಟಿಂಗ್ ಮೆಷಿನ್ ನಾನು ಕಲಿತೆ. ಮೊದಲ ವಾರ ಅಂಚು ವಾರೆ ಬಂತು. ಎರಡನೇ ವಾರ ನೆಟ್ಟಗಾಯಿತು. ರಿಜಿಸ್ಟರ್ ಕೆಲಸ ನಿಂತುಹೋಗಿತ್ತು. ಕಾಲೇಜಿನ ಮಕ್ಕಳ ಥೀಸಿಸ್ ಮಾತ್ರ ಬರುತ್ತಿದ್ದವು. ಆ ಮಕ್ಕಳಿಗೆ ತಾಳ್ಮೆ ಎಂಬುದಿಲ್ಲ. ಗಂಟೆಗೊಂದು ಫೋನು. “ಆಂಟಿ, ನಂದು ಆಯ್ತಾ?” ಹೊಲಿಯುವ ಕೈ ಬಿಟ್ಟು ಫೋನ್ ಎತ್ತಿ ಸಾಕಾಗಿತ್ತು.

ಸೂಜಿ ಅದಕ್ಕೊಂದು ಉಪಾಯ ಮಾಡಿದಳು. ಕ್ಲಾಸಿನಲ್ಲಿ ಕಲಿತದ್ದನ್ನು ಸೇರಿಸಿ ನಮ್ಮ ಅಂಗಡಿಗೇ ಒಂದು ವೆಬ್‌ಸೈಟ್ ಕಟ್ಟಿದಳು. ಚೀಟಿಯ ನಂಬರ್ ಹಾಕಿದರೆ ಪುಸ್ತಕ ಎಲ್ಲಿದೆ ಎಂದು ಕಾಣುತ್ತದೆ. ಹೊಲಿಗೆಯಲ್ಲಿದೆ, ರಟ್ಟು ಹಾಕಿದೆ, ಒಣಗುತ್ತಿದೆ, ಆಯಿತು. ಒಮ್ಮೆ ಹಸಿ ಅಂಟಿನ ಪುಸ್ತಕಕ್ಕೆ ಆಯಿತು ಎಂದು ಒತ್ತಿಬಿಟ್ಟಳು. ಹುಡುಗಿಯೊಬ್ಬಳು ಆಟೋದಲ್ಲಿ ಬಂದೇಬಿಟ್ಟಳು. ನಾನು ಬೈದೆ. ಮರುದಿನವೇ ನಾನೂ ಒಂದು ಸಲ ಒತ್ತದೆ ಆಯಿತು ಎಂದು ಬಾರದ ಹಾಗೆ ಮಾಡಿದಳು. ನನಗಾಗಿ ಬಟನ್ ದೊಡ್ಡದು ಮಾಡಿದಳು. ಫೋನುಗಳು ನಿಂತವು.

ಕ್ಲಾಸು ಮುಗಿಯಿತು. ಈಗ ಸಿವಿ ಬರೆಯಬೇಕು ಎಂದಳು. ಕೆಲಸ ಕೇಳುವಾಗ ಮೊದಲು ಕಳಿಸುವ ಹಾಳೆ ಅದು. ತಾನು ಯಾರು, ಏನು ಕಲಿತೆ, ಎಲ್ಲಿ ದುಡಿದೆ ಎಂದು ಹೇಳುವುದು. ಮೂರು ದಿನ ಪರದೆಯ ಆಚೆ ಕೂತು ಬರೆದಳು. ಹದಿನಾಲ್ಕು ಕಂಪನಿಗೆ ಕಳಿಸಿದಳು.

ಎರಡು ತಿಂಗಳಾಯಿತು. ಒಬ್ಬರೂ ತಿರುಗಿ ಒಂದು ಮಾತು ಬರೆಯಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಸೂಜಿಗೆ ತುಕ್ಕು ಹಿಡಿಯುತ್ತಿತ್ತು. ಊಟಕ್ಕೆ ಕರೆದರೆ ಬರುವಳು, ಉಂಡು ಏಳುವಳು. ನಾನು ಉಪ್ಪು ಮರೆತ ದಿನವೂ ಏನೂ ಅನ್ನಲಿಲ್ಲ.

“ಈ ತಿಂಗಳು ನೋಡ್ತೀನಿ ಅತ್ತಿಗೆ. ಆಗ್ಲಿಲ್ಲ ಅಂದ್ರೆ ಮುಗೀತು. ಇನ್ನೆಂದೂ ಕೇಳಲ್ಲ” ಎಂದಳು.

“ಏನು ಕಳಿಸ್ತಿದೀಯ, ತೋರ್ಸು.”

“ನಿಮಗೇನು ಗೊತ್ತಾಗುತ್ತೆ?”

“ತೋರ್ಸೇ.”

ಫೋನ್ ಕೈಗೆ ಕೊಟ್ಟಳು. ನಾನು ಕಲಿತದ್ದು ಐದನೇ ಕ್ಲಾಸು. ಅವಳು ಬರೆದದ್ದನ್ನು ನಾನು ಸಾಲುಸಾಲಾಗಿ ಓದಲಿಲ್ಲ. ನಮ್ಮ ಕೆಲಸದಲ್ಲಿ ಯಾರೂ ಓದುವುದಿಲ್ಲ, ಪುಟದ ಕೆಳಗಿನ ಅಂಕಿ ನೋಡುತ್ತೇವೆ. ಫೈಲ್ ತೆರೆದಾಗ ಮೊದಲು ಕಂಡ ಪುಟದ ಕೆಳಗೆ ನಾಲ್ಕು ಎಂದಿತ್ತು. ಅದರಲ್ಲಿ ಸಹಿ, ತಾರೀಖು, ಮೇಲೆ ಹೇಳಿದ್ದೆಲ್ಲ ನಿಜ ಎಂಬ ಒಂದು ಸಾಲು. ಅದರ ಪಕ್ಕಕ್ಕೆ ಸರಿಸಿದರೆ ಒಂದನೇ ಪುಟ.

“ಇವರು ಇದನ್ನ ಮಡಿಸ್ತಾರಾ?” ಎಂದೆ.

“ಯಾರು?”

“ಆಫೀಸಿನೋರು. ಫೋನನ್ನ ನಡೂ ಮಡಿಸಿ ಓದ್ತಾರಾ?”

ಸೂಜಿ ಫೋನ್ ಕಿತ್ತುಕೊಂಡು ನೋಡಿದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಆದದ್ದು ಇಷ್ಟು. ಒಂದು ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಪುಟ. ಬಿಡಿಸಿಟ್ಟರೆ ಹೊರಮಗ್ಗುಲಲ್ಲಿ ಎಡಕ್ಕೆ ನಾಲ್ಕು, ಬಲಕ್ಕೆ ಒಂದು. ಒಳಗೆ ಎರಡು, ಮೂರು. ಪ್ರೆಸ್ಸಿನಿಂದ ನಮಗೆ ಹಾಗೇ ಬರುತ್ತದೆ, ಮಡಿಸಿದಾಗ ಸರಿಹೋಗುತ್ತದೆ. ಸೂಜಿ ಸಿವಿಯನ್ನೂ ಹಾಗೇ ಜೋಡಿಸಿ, ಒಂದು ಪ್ರತಿ ತೆಗೆಸಿ, ಮಡಿಸಿ ನೋಡಿದ್ದಳು. ಚೆಂದ ಕಂಡಿತ್ತು. ಅದೇ ಫೈಲನ್ನು ಹದಿನಾಲ್ಕು ಕಡೆ ಕಳಿಸಿದ್ದಳು. ಹತ್ತೊಂಬತ್ತು ವರ್ಷ ಬಿಡಿಸಿದ ಹಾಳೆ ನೋಡಿದ ಕಣ್ಣು. ನಾಲ್ಕರ ಪಕ್ಕ ಒಂದು ಇದ್ದರೆ ಅದಕ್ಕೆ ತಪ್ಪು ಅನ್ನಿಸುವುದಿಲ್ಲ. ಇಲ್ಲದಿದ್ದರೆ ಅನ್ನಿಸುತ್ತದೆ.

“ಹದಿನಾಲ್ಕು ಜನ ನನ್ನ ಬಾಲ ಹಿಡ್ಕೊಂಡು ನೋಡಿದಾರೆ” ಎಂದಳು. ನಗಲು ಹೋದಳು, ಆಗಲಿಲ್ಲ. “ಅಣ್ಣ ಇದ್ದಿದ್ರೆ ಹಿಡೀತಿದ್ದ.”

“ಅವರಿಲ್ಲ. ನಾನಿದೀನಿ. ಒಳಗೇನಿದೆ, ಓದಿ ಹೇಳು.”

ಓದಿದಳು. ಹೆಸರು, ಶಾಲೆ, ಕ್ಲಾಸು. ಆಮೇಲೆ ಎತ್ತರ, ತೂಕ, ಓಟದ ಸ್ಪರ್ಧೆಯಲ್ಲಿ ಮೂರನೇ ಬಹುಮಾನ, ಇಷ್ಟವಾದ ಬಣ್ಣ.

“ಬಣ್ಣ ಯಾಕೆ? ನಿನಗೆ ಸುಣ್ಣ ಹೊಡೀತಾರಾ?”

“ಮೂರು ಪುಟಕ್ಕೆ ಮುಗಿದುಹೋಗ್ತಿತ್ತು. ನಾಲ್ಕನೇದು ಬೋಳು ಬಿಡೋಕಾಗುತ್ತಾ ಅತ್ತಿಗೆ?”

ಅದು ನನಗೂ ಸರಿ ಎನಿಸಿತು. ಖಾಲಿ ಪುಟ ಬಿಟ್ಟರೆ ಬೈಂಡರಿಗೆ ನಾಚಿಕೆ. ಆದರೆ ಇನ್ನೊಂದು ಸರಿ ಇರಲಿಲ್ಲ. ಶಾಲೆ ಮುಗಿಸಿದ ವರ್ಷಕ್ಕೂ ಕ್ಲಾಸು ಸೇರಿದ ವರ್ಷಕ್ಕೂ ನಡುವೆ ಏನೂ ಇರಲಿಲ್ಲ.

“ಅಂಗಡಿ ಎಲ್ಲಿ?”

“ಕ್ಲಾಸಿನ ಮೇಷ್ಟ್ರು ಬೇಡ ಅಂದ್ರು. ಹಳೇ ಕೆಲಸ ಬರೆದ್ರೆ ವಯಸ್ಸು ಗೊತ್ತಾಗುತ್ತಂತೆ.”

“ಮುಖ ನೋಡಿದ್ರೆ ಗೊತ್ತಾಗಲ್ವಾ? ಹತ್ತೊಂಬತ್ತು ವರ್ಷ ನಿದ್ದೆ ಹೊಡೀತಿದ್ಳು ಅಂದ್ಕೋತಾರೆ.”

“ಅವರಿಗೆ ಹೊಲಿಗೆ ಕಟ್ಕೊಂಡು ಏನಾಗಬೇಕು?”

“ಅದು ನಂಗೊತ್ತಿಲ್ಲ. ನಿಮ್ಮಣ್ಣ ಇದ್ದದ್ದು ಆ ಹತ್ತೊಂಬತ್ತು ವರ್ಷದಲ್ಲೇ. ಅದನ್ನ ಕಿತ್ತು ಹಾಕಿದೀಯ.”

ಅವಳು ಚಹಾ ಕುಡಿದ ಎರಡು ಲೋಟ ತೆಗೆದುಕೊಂಡು ತೊಳೆಯಲು ಹೋದಳು. ಎರಡು ಲೋಟಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ನಾನೂ ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಬೆಂಚಿನ ಮೇಲಿನ ರಟ್ಟುಗಳನ್ನೆಲ್ಲ ಸರಿಸಿ ಕೂತಳು. “ಹೇಳಿ. ನಾನೇನು ಮಾಡಿದೀನಿ ಹತ್ತೊಂಬತ್ತು ವರ್ಷ?”

ನಾನು ಹೇಳಿದೆ. ಅವಳು ಬರೆದಳು. ಮುನ್ನೂರು ಪುಟದ ಪುಸ್ತಕದಲ್ಲಿ ಒಂದು ಹಾಳೆ ಕಾಣೆಯಾದರೆ ಮಡಿಕೆಗಳ ಬೆನ್ನಿಗೆ ಪ್ರೆಸ್ಸಿನವರು ಹಾಕಿದ ಗುರುತು ನೋಡಿಯೇ ಹಿಡಿಯುತ್ತಾಳೆ. ಹೇಳಿದ ದಿನಕ್ಕೆ ಕೊಟ್ಟಿದ್ದಾಳೆ. ಮೂರು ಜನಕ್ಕೆ ಕೆಲಸ ಕಲಿಸಿದ್ದಾಳೆ. ಸಿಟ್ಟಿನ ಗಿರಾಕಿಯನ್ನು ಕೂರಿಸಿ ನೀರು ಕೊಟ್ಟು ಕಳಿಸಿದ್ದಾಳೆ. ನಾನು ಹೇಳಿದ್ದನ್ನು ಅವಳು ಆಫೀಸಿನ ಮಾತಿಗೆ ತಿರುಗಿಸಿದಳು. ನೀರು ಕೊಟ್ಟದ್ದು ಬಿಟ್ಟಳು.

“ಥೀಸಿಸ್ಸಿನ ವೆಬ್‌ಸೈಟ್ ಬರೆದ್ಯಾ?”

“ಅದು ನಮ್ಮನೇದಲ್ವಾ? ಯಾರೂ ಹೇಳಿ ಮಾಡಿಸಿದ್ದಲ್ಲ.”

“ನಮ್ಮನೇದಾದ್ರೆ ಕೆಲಸ ಮಾಡಲ್ವಾ ಅದು? ಮೊದಲು ಅದನ್ನ ಬರಿ.”

ಬಣ್ಣ ಹೋಯಿತು, ತೂಕ ಹೋಯಿತು, ಓಟದ ಬಹುಮಾನ ಹೋಯಿತು. ಉಳಿದದ್ದು ಒಂದೇ ಪುಟ. ಮೇಲೆ ವೆಬ್‌ಸೈಟು. ಅದರ ಕೆಳಗೆ, ಅಣ್ಣನ ಬೈಂಡಿಂಗ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ. ಆಮೇಲೆ ಕ್ಲಾಸು, ಶಾಲೆ. ಕೊನೆಗೆ, ಇವಳ ಕೆಲಸ ಗೊತ್ತಿರುವ ಒಬ್ಬರ ಫೋನ್ ನಂಬರ್ ಕೇಳುತ್ತಾರಂತೆ. ಪೆನ್ನು ಅಲ್ಲೇ ನಿಂತಿತು. ಅವಳ ಕೆಲಸ ದಿನಾ ನೋಡಿದವರು ನಮ್ಮವರೊಬ್ಬರೇ. ನನ್ನ ನಂಬರ್ ಹಾಕು ಎಂದೆ.

ಕಳಿಸುವ ಮೊದಲು ನನ್ನ ಫೋನಿಗೆ ಕಳಿಸಿ ತೋರಿಸಿದಳು. ತೆರೆದೆ. ಹೆಸರು ಮೇಲಿತ್ತು. ಹ್ಞೂಂ ಎಂದೆ.

ಹದಿನಾಲ್ಕು ಕಡೆಗೂ ಮತ್ತೆ ಕಳಿಸಿದಳು. “ನಾಚಿಕೆ ಆಗಲ್ವಾ?” ಎಂದೆ. “ಆಗುತ್ತೆ. ಅದಕ್ಕೇ ಬೇಗ ಕಳಿಸ್ತಿದೀನಿ” ಎಂದಳು. ಹೊಸದಾಗಿ ಇನ್ನೂ ಒಂಬತ್ತು ಕಡೆ ಕಳಿಸಿದಳು. ಏಳು ಜನ ಬೇಡ ಎಂದು ಬರೆದರು. ಅದೇ ದೊಡ್ಡ ಸಂಗತಿಯಾಯಿತು ನಮಗೆ. ಮೂರನೇ ವಾರ ಒಬ್ಬರು ಬಾ ಎಂದರು.

ಔಷಧಿ ಅಂಗಡಿಯ ಮಹಡಿಯ ಮೇಲೆ ಹನ್ನೊಂದು ಜನರ ಕಂಪನಿ. ಮಾತಾಡಿಸಿದ್ದು ಅದರ ಒಡತಿ. ವೆಬ್‌ಸೈಟ್ ತೆರೆದು ನೋಡಿ, ಈ ಬಟನ್ ಯಾಕಿಷ್ಟು ದೊಡ್ಡದು ಎಂದು ಕೇಳಿದರಂತೆ.

“ನಮ್ಮ ಅತ್ತಿಗೆ ಬೆರಳಲ್ಲಿ ಯಾವಾಗ್ಲೂ ಅಂಟಿರುತ್ತೆ ಮೇಡಂ. ತುದಿ ಬೆರಳಲ್ಲಿ ಒತ್ತೋಕಾಗಲ್ಲ, ಬೆರಳಿನ ಗೆಣ್ಣಲ್ಲಿ ಒತ್ತುತ್ತಾರೆ” ಎಂದು ಇವಳು ಹೇಳಿದ್ದಾಳೆ. ಮನೆಗೆ ಬಂದು ಅದನ್ನು ನನಗೆ ಹೇಳಿದಾಗ, ನನ್ನ ಕೈ ಊರೆಲ್ಲ ಹರಾಜು ಹಾಕಿದೆಯಲ್ಲೇ ಎಂದು ಬೈದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ನನ್ನ ಫೋನ್ ಹೊಡೆದುಕೊಂಡಿತು. ಸೂಜಿ ರಟ್ಟು ತರಲು ಹೋಗಿದ್ದಳು.

“ನೀವು ಅವರ ಅತ್ತಿಗೆ ಅಲ್ವಾ? ಅವರ ಕೆಲಸ ಹೇಗೆ ಅಂತ ಹೇಳ್ತೀರಾ?” ಅದೇ ಒಡತಿ.

ಸುಳ್ಳು ಬರೆಯುವುದಿಲ್ಲ. ಒಂದು ಗಳಿಗೆ ಬೇರೆ ಯೋಚನೆ ಬಂತು. ಇವಳೂ ಹೋದರೆ ಬೆಂಚಿಗೆ ನಾನೊಬ್ಬಳೇ. ಪರವಾಗಿಲ್ಲ, ಏನೋ ಮಾಡ್ತಾಳೆ ಎಂದಿದ್ದರೆ ಸಾಕಿತ್ತು. ಕೆಲಸ ತಪ್ಪುತ್ತಿತ್ತು. ನಾನು ತಪ್ಪಿಸಿದ್ದು ಎಂದು ಅವಳಿಗೆ ಯಾವತ್ತೂ ತಿಳಿಯುತ್ತಿರಲಿಲ್ಲ.

“ಬಾಯಿ ಜೋರು” ಎಂದೆ.

ಆ ಕಡೆ ನಕ್ಕರು. “ಅದು ನಂಗೂ ಗೊತ್ತಾಯ್ತು. ಕೆಲಸ?”

“ಒಂದ್ಸಲ ನಲವತ್ತು ಪುಸ್ತಕ ಹೊಲಿದಿಟ್ಟಿದ್ಳು. ನಮ್ಮ ಯಜಮಾನ್ರೂ ನೋಡಿ ಸರಿ ಇದೆ ಅಂದಿದ್ರು. ಆಮೇಲೆ ಒಂದು ಹಾಳೆ ತಲೆಕೆಳಗಾಗಿರೋದು ಇವಳ ಕಣ್ಣಿಗೇ ಬಿತ್ತು. ನಲವತ್ತೂ ಬಿಚ್ಚಿ ಮತ್ತೆ ಹೊಲಿದ್ಳು. ಯಾರೂ ಬಿಚ್ಚು ಅಂದಿರ್ಲಿಲ್ಲ.”

“ತಪ್ಪು ಮಾಡಿದ್ರೆ ಒಪ್ಕೋತಾರೆ ಅನ್ನಿ.”

“ಒಪ್ಕೊಳ್ಳೋದೇನು, ಊರಿಗೆಲ್ಲ ಹೇಳ್ತಾಳೆ. ಮುಚ್ಚಿಡೋಕೆ ಬರಲ್ಲ ಅವಳಿಗೆ.”

“ಅವರು ಇಲ್ಲಿಗೆ ಬಂದ್ರೆ ನಿಮ್ಮ ಅಂಗಡಿ?”

“ಅಂಗಡಿ ನಾನು ನೋಡ್ಕೋತೀನಿ. ನೀವು ಅವಳನ್ನ ನೋಡ್ಕೊಳ್ಳಿ” ಎಂದು ಫೋನ್ ಇಟ್ಟೆ. ಅವತ್ತು ಕಟಿಂಗ್ ಮೆಷಿನ್ ಹತ್ತಿರ ಹೋಗದೆ ಹಾಳೆ ಮಡಿಸುತ್ತ ಕೂತೆ. ಸೂಜಿ ಬಂದ ಮೇಲೆ ಫೋನ್ ಬಂದಿತ್ತು ಎಂದಷ್ಟೇ ಹೇಳಿದೆ. ಏನಂದ್ರಿ, ಏನಂದ್ರಿ ಎಂದು ಸಂಜೆವರೆಗೆ ಪೀಡಿಸಿದಳು. ಇದ್ದದ್ದು ಹೇಳಿದೆ ಎಂದೆ. “ಹಾಗಾದ್ರೆ ಕೆಟ್ಟೆ” ಎಂದಳು.

ಶುಕ್ರವಾರ ಸುದ್ದಿ ಬಂತು. ಮೂರು ತಿಂಗಳು ಇಟ್ಟುಕೊಂಡು ನೋಡುತ್ತೇವೆ ಎಂದರು. ಆ ಮೂರು ತಿಂಗಳು ಕಳೆದು ಈಗ ಆರಾಯಿತು. ಸೂಜಿ ಅಲ್ಲೇ ಇದ್ದಾಳೆ. ಅಲ್ಲಿಯ ಹುಡುಗರು ಅವಳನ್ನು ಅಕ್ಕ ಎನ್ನುತ್ತಾರೆ, ಬೈಸಿಕೊಳ್ಳುತ್ತಾರೆ. ಭಾನುವಾರ ನನಗೆ ಹೊಲಿದುಕೊಡುತ್ತಾಳೆ. ಉಳಿದ ದಿನ ಹೊಲಿಗೆಯೂ ನನ್ನದೇ. ಅವಳಷ್ಟು ಚುರುಕಿಲ್ಲ.

ಬೆಳಿಗ್ಗೆ ಎದ್ದವಳು ಮೊದಲು ಅಂಟು ಕಾಯಿಸುತ್ತೇನೆ. ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಹುಳ ಬೀಳದ ಹಾಗೆ ಚೂರು ಮೈಲುತುತ್ತ ಹಾಕಿ, ಸಣ್ಣ ಉರಿಯ ಮೇಲಿಟ್ಟು ತಿರುಗಿಸುತ್ತಿರಬೇಕು. ಮದುವೆಯಾಗಿ ಬಂದ ವಾರ ನಮ್ಮವರು ಕಲಿಸಿದ್ದು. ಕೈ ನಿಂತರೆ ತಳ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಯಾರು ಕರೆದರೂ ನಾನು ತಿರುಗುವುದಿಲ್ಲ. ಕೆಲಸಕ್ಕೆ ಹೊರಟ ಸೂಜಿ, ಬರ್ತೀನಿ ಅತ್ತಿಗೆ ಎಂದು ಬಾಗಿಲಿಂದಲೇ ಕೂಗಿ ಹೋಗುತ್ತಾಳೆ.