ಹಾಳೆಗೆ ಸಿಗದ ನೀಲಿ ಹೂ

ಕಳೆದ ಭಾನುವಾರ ಪ್ರೊಫೆಸರ್ ಒಬ್ಬರು ಕೆಸರಿನಲ್ಲಿ ಮಂಡಿಯೂರಿ, "ಸಿಕ್ತು ಕಣ್ರೀ, ಸಿಕ್ತು!" ಎಂದು ಕೂಗಿದರು. ನಾನೂ ಕೂಗಿದೆ. (ವರದಿಗಾರ ಕೂಗಬಾರದು. ಗೊತ್ತು.)

ಸಿಕ್ಕಿದ್ದು ಗೇಣುದ್ದದ ಗಿಡ. ತುದಿಯಲ್ಲಿ ಎರಡು ನೀಲಿ ಹೂ.

ಪ್ರೊಫೆಸರ್ ನನ್ನ ಗೆಳೆಯ ಗಂಗಾಧರ್, ಸಸ್ಯಶಾಸ್ತ್ರದವರು. ಈ ಗಿಡವನ್ನು ಬ್ರಿಟಿಷರ ಕಾಲದಲ್ಲಿ ಒಣಗಿಸಿ, ಹಾಳೆಗೆ ಅಂಟಿಸಿ, ಮ್ಯೂಸಿಯಂ ಒಂದರ ಕಪಾಟಿನಲ್ಲಿ ಇಟ್ಟಿದ್ದಾರೆ. ಹೂವಿಗೆ ಈಗ ಬೀಡಿ ಎಲೆಯ ಬಣ್ಣ. ಪಕ್ಕದ ಚೀಟಿಯಲ್ಲಿ ಮಾತ್ರ 'ಹೂ ನೀಲಿ' ಎಂದಿದೆ. ಆಮೇಲೆ ಕಂಡವರ ದಾಖಲೆಯೇ ಇಲ್ಲ. ಆ ನೀಲಿಗಾಗಿ ಗಂಗಾಧರ್ ಎಷ್ಟು ಮಳೆಗಾಲ ಜಿಗಣೆಗಳಿಗೆ ರಕ್ತ ಕೊಟ್ಟರೋ!

ಜಾಗ ತೋರಿಸಿದ್ದು ಚಿಕ್ಕತಾಯಮ್ಮ. ಗುಂಡ್ಲುಪೇಟೆ ಕಡೆಯಿಂದ ಬಂದು, ಘಟ್ಟದ ಮೇಲಿನ ಒಂದು ಎಸ್ಟೇಟಿನಲ್ಲಿ ಟೀ ಎಲೆ ಕೊಯ್ಯುವವರು. ಹಾಳೆಯ ಫೋಟೋ ನೋಡಿದ್ದೇ, "ಇದಾ? ತೊರೆ ತಾವ್ ಐತೆ" ಎಂದರು. ಅಷ್ಟೇ!

ಸುತ್ತೆಲ್ಲ ಹುಡುಕಿದೆವು. ಇನ್ನೊಂದು ಗಿಡವಿಲ್ಲ. ರೀಲಿನಲ್ಲಿ ಉಳಿದಿದ್ದಷ್ಟೂ ಫೋಟೋ ತೆಗೆದೆ. ಗಂಗಾಧರ್ ಚೀಲದಿಂದ ಪುಟ್ಟ ಗುದ್ದಲಿ ತೆಗೆದರು. ಗಿಡವನ್ನು ಅದುಮಿಡಲು ಹಳೇ ಪೇಪರ್ ಕೂಡ ತಂದಿದ್ದರು, ನಮ್ಮದೇ ಪತ್ರಿಕೆ. (ನನ್ನ ಅಂಕಣ ಉಪಯೋಗಕ್ಕೆ ಬರುವುದು ಹೀಗೇ.)

"ಫೋಟೋ ಯಾರೂ ಒಪ್ಪಲ್ಲ. ಇದರ ಗುರುತು ಇರೋದೇ ಗೆಡ್ಡೆಯಲ್ಲಿ. ಇಡೀ ಗಿಡ ಒಣಗಿಸಿ ಕೊಟ್ಟರೇನೇ ಮ್ಯೂಸಿಯಂನವರು 'ಇದೆ' ಅಂತ ಬರೆಯೋದು" ಎಂದರು.

ಬದುಕಿದ್ದೇನೆ ಎಂದು ಪಿಂಚಣಿದಾರರು ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ಕೊಡಬೇಕು. ಗಿಡ ಸತ್ತು ಕೊಡಬೇಕೇ? ಆದರೂ ನಾನು ಗಂಗಾಧರ್ ಪರವೇ ಇದ್ದೆ. ಪುರಾವೆಯಿಲ್ಲದೆ ಬರೆಯಬೇಡ ಎಂದು ಕಲಿಸಿದ ಕಸುಬು ನನ್ನದು. ಅವರಿಗೋ ಬರುವ ವರ್ಷ ನಿವೃತ್ತಿ.

"ನೋಡಕ್ ಬಂದ್ರಾ, ಕಿತ್ಕೊಂಡ್ ಹೋಗಕ್ ಬಂದ್ರಾ?" ಚಿಕ್ಕತಾಯಮ್ಮ ಸೊಂಟಕ್ಕೆ ಕೈಯಿಟ್ಟರು.

"ಇದೆ ಅನ್ನೋಕೆ ಪುರಾವೆ ಬೇಕಲ್ಲಮ್ಮ" ಎಂದರು ಗಂಗಾಧರ್.

"ಕಿತ್ ಮೇಲೆ ಎಲ್ ಐತೆ ಸಾರ್? ನಾವ್ ದಿನಾ ಲೀಫ್ ಕುಯ್ತೀವಿ. ಬೇರ್‌ಗೆ ಕೈ ಆಕುದ್ರೆ ಮೇಸ್ತ್ರಿ ನಮ್ಮನ್ನೇ ಕಿತ್ತಾಕ್ತಾನೆ. ನಿಮ್ಗ್ಯಾರೂ ಮೇಸ್ತ್ರಿ ಇಲ್ವಾ?"

ಗಂಗಾಧರ್ ನಕ್ಕುಬಿಟ್ಟರು. ಆಮೇಲೆ ಬಹಳ ಹೊತ್ತು ಹೂ ನೋಡುತ್ತ ಕೂತರು. ಕೊನೆಗೆ ಗುದ್ದಲಿ ಚೀಲ ಸೇರಿತು.

"ಬೀಜ ಉದುರಲಿ. ಹತ್ತು ಗಿಡ ಆಗಲಿ, ಆಗ ನೋಡೋಣ."

"ಅಷ್ಟರಲ್ಲಿ ನೀವು ರಿಟೈರ್ಡ್" ಎಂದೆ.

"ಆಗ್ತೀನಿ ಬಿಡಿ. ನೀಲಿ ಅಂದ್ರೆ ಎಂಥಾ ನೀಲಿ ರೀ ಅದು!"

ದಾರಿಯುದ್ದಕ್ಕೂ ಇದೇ ಮಾತು.

ಗಿಡದ ಹೆಸರು, ತೊರೆಯ ಗುರುತು ಎರಡನ್ನೂ ನಾನು ಬರೆಯುತ್ತಿಲ್ಲ. ಮ್ಯೂಸಿಯಂ ಪಟ್ಟಿಯಲ್ಲಿ ಅದು ಇಂದಿಗೂ 'ಕಂಡಿಲ್ಲ'. ಒಂದೇ ಒಂದು ಉಳಿದಿರುವ ಗಿಡಕ್ಕೆ ಇದಕ್ಕಿಂತ ಭದ್ರವಾದ ಕಾವಲು ಯಾವುದಿದೆ?