ಗುಲಾಬಿ ಕಣಗಳ ಅಕ್ಕ

ಹೆರಿಗೆ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ನಾನು ಕೆಲಸ ಕಲಿತದ್ದು ಅಕ್ಕನ ಕೈಕೆಳಗೆ. ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವರು ಅಕ್ಕನೇ. ತಮ್ಮ ಮೈಕ್ರೋಸ್ಕೋಪನ್ನು ಬೇರೆಯವರು ಮುಟ್ಟಿದರೆ ಅದು ಮೂರು ದಿನ ಮುನಿಸಿಕೊಳ್ಳುತ್ತದೆಂದು ಅವರ ನಂಬಿಕೆ. ಸೂಜಿ ಕಂಡು ಬಸುರಿಯರು ಮುಖ ತಿರುಗಿಸಿದರೆ ಪಾಠ ಶುರುವಾಗುತ್ತಿತ್ತು: "ನಮ್ಮ ರಕ್ತ ಧಾರಾಳಿ ಕಣಮ್ಮ, ಆಮ್ಲಜನಕ ತರುತ್ತೆ, ಕೇಳಿದೋರಿಗೆ ಕೊಟ್ಟುಬಿಡುತ್ತೆ. ಹೊಟ್ಟೇಲಿರೋದರ ರಕ್ತ ಹಾಗಲ್ಲ, ಬಿಗಿಯಾಗಿ ಹಿಡ್ಕೊಳ್ಳುತ್ತೆ. ಇಲ್ಲದಿದ್ರೆ ನಿನ್ನಿಂದ ಹೇಗೆ ಕಿತ್ಕೊಳ್ಳುತ್ತೆ ಹೇಳು?" ಬಸುರಿ ನಗುವಷ್ಟರಲ್ಲಿ ಸೂಜಿ ಹೊರಬಂದಿರುತ್ತಿತ್ತು. ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೋರಿದೆಯೇ ಎಂದು ನೋಡುವ ಪರೀಕ್ಷೆಯನ್ನಂತೂ ಅಕ್ಕ ಯಾರಿಗೂ ಬಿಡುತ್ತಿರಲಿಲ್ಲ. ಗಾಜಿನ ಮೇಲಿನ ರಕ್ತವನ್ನು ಆಮ್ಲದಲ್ಲಿ ತೊಳೆದು ಬಣ್ಣ ಹಾಕಿದರೆ ತಾಯಿಯ ಕಣಗಳು ಬಿಳಚಿಕೊಂಡು ನೆರಳಿನಂತೆ ಕಾಣುತ್ತವೆ. ಮಗುವಿನವು ಮಾತ್ರ ಗುಲಾಬಿಯಾಗಿ ಉಳಿಯುತ್ತವೆ. ನನಗೇಕೆ ಕೊಡುವುದಿಲ್ಲವೆಂದು ಒಮ್ಮೆ ಕೇಳಿಯೇಬಿಟ್ಟೆ. ಅಕ್ಕ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಹೇಳಿದರು: "ನನ್ನ ಮಗು ಏಳನೇ ತಿಂಗಳಲ್ಲಿ ಹೊಟ್ಟೇಲೇ ಹೋಗ್ಬಿಡ್ತು. ಕೆಲಸಕ್ಕೆ ವಾಪಸ್ ಬಂದ ದಿನ ನನ್ನ ಬೆರಳನ್ನೇ ಚುಚ್ಚಿ ನೋಡ್ಕೊಂಡೆ. ಗುಲಾಬಿ ಕಣ ಇಪ್ಪತ್ತೋ ಇಪ್ಪತ್ತೈದೋ ಇದ್ವು. ಆಮೇಲೆ ವಾರಕ್ಕೊಂದ್ಸಲ ನೋಡ್ತಿದ್ದೆ, ಕಮ್ಮಿ ಆಗ್ತಾ ಬಂದ್ವು. ಮೂರನೇ ತಿಂಗಳಲ್ಲಿ ಒಂದೇ ಒಂದು ಸಿಕ್ತು." "ಆಮೇಲೆ?" ಎಂದೆ. "ಆಮೇಲೆ ನಾನು ನೋಡ್ಲೇ ಇಲ್ಲ ಕಣೆ," ಎಂದರು ಅಕ್ಕ, "ನೋಡದೇ ಇದ್ರೆ ಅದಿನ್ನೂ ಇದೆ ಅಂತಲೇ ಅಲ್ವಾ?"